ಸೀಟು ಖಾಲಿ ಇದೆ, ಕೂತ್ಕೊಳ್ಳಿ

ಮನೆಯೇನೋ ಸ್ವಂತದ್ದಾಯಿತು, ಆದರೆ ಕೂರುವುದಕ್ಕೆ ಒಂದು ಕುರ್ಚಿ ಇರಲಿಲ್ಲ. ಇದ್ದಬದ್ದದ್ದನ್ನೆಲ್ಲ ಗೋಡೆಗೆ, ಸೂರಿಗೆ, ನಲ್ಲಿಗೆ ಸುರಿದು ಕೈ ಬರಿದಾದ ಮೇಲೆ ಕಂಡಕ್ಟರಮ್ಮನಿಗೆ ಈ ಸಂಗತಿ ಹೊಳೆಯಿತು. ಬಾಡಿಗೆ ಮನೆಯಿಂದ ತಂದ ಎರಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದು ದಾರಿಯಲ್ಲೇ ಕಾಲು ಮುರಿದುಕೊಂಡಿತ್ತು. ಇನ್ನೊಂದರ ಮೇಲೆ ಹತ್ತಿ ಗಂಡ ಬಲ್ಬು ಹಾಕಲು ಹೋಗಿ, ಕುರ್ಚಿಯೂ ಅವನೂ ಒಟ್ಟಿಗೇ ನೆಲಕ್ಕೆ ಬಂದರು. ಬಲ್ಬು ಮಾತ್ರ ಅವನ ಕೈಯಲ್ಲಿ ಭದ್ರವಾಗಿತ್ತು! ಅದನ್ನು ನೋಡಿ ಅವಳಿಗೆ ನಗು ಶುರುವಾದದ್ದು ನಿಲ್ಲಲೇ ಇಲ್ಲ. ಮಗಳು ಚೂಟಿಯೂ ಸೇರಿಕೊಂಡಳು. ಮೂವರೂ ಖಾಲಿ ಮನೆಯ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂತು, ನಮ್ಮ ನೆಲ, ನಮ್ಮ ಗೋಡೆ, ಅಗೋ ನಮ್ಮ ಹಲ್ಲಿ ಎಂದು ಒಂದೊಂದನ್ನೇ ಬೆರಳು ಮಾಡಿ ತೋರಿಸುತ್ತ ನಕ್ಕಿದ್ದೇ ನಕ್ಕಿದ್ದು.

ಅವಳ ಗಂಡ ಬಸ್ ಡ್ರೈವರು. ಅವನು ಓಡಿಸುವ ಬಸ್ಸಿನಲ್ಲೇ ಅವಳು ಕಂಡಕ್ಟರು. "ಬೇರೆಯವರು ಗಂಡನ ಮುಖ ನೋಡ್ಕೊಂಡು ಸಂಸಾರ ಮಾಡ್ತಾರೆ, ನಾನು ಬೆನ್ನು ನೋಡ್ಕೊಂಡು ಮಾಡ್ತಿದೀನಿ" ಎಂದು ಅವಳು ಕಂಡಕಂಡವರಿಗೆಲ್ಲ ಹೇಳುವುದುಂಟು. ಕೊಂಡ ಮನೆಯಾದರೂ ಹೇಗಿತ್ತು ಅಂತೀರಿ? ಅಗಲ ಇಷ್ಟೇ ಇಷ್ಟು, ಉದ್ದ ಮಾತ್ರ ಮುಗಿಯುವುದೇ ಇಲ್ಲ. ಎಲ್ಲಕ್ಕೂ ಮುಂದೆ ಒಂದು ನೀಳ ನಡುಮನೆ, ಅದರ ಹಿಂದೆ ಮಲಗುವ ಕೋಣೆ, ಅದರ ಹಿಂದೆ ಅಡುಗೆಮನೆ. ಅಗ್ಗಕ್ಕೆ ಸಿಕ್ಕಿದ್ದಕ್ಕೆ ಕಾರಣವೂ ಅದೇ. ಕೊಂಡ ಮೇಲೆ ನೆಲ, ಬಾಗಿಲು, ಕಿಟಕಿ ಎಲ್ಲ ಹೊಸದಾಗಿ ಹಾಕಿಸಿದ್ದರು.

ಮನೆ ನೋಡಲು ಬಂಧುಬಳಗವೆಲ್ಲ ಬಂದು ಹೋಯಿತು. ಬಾರದವರು ಒಬ್ಬರೇ, ಅವಳ ಅಪ್ಪ. ಅಮ್ಮ ಒಬ್ಬಳೇ ಬಂದು, ಮನೆಯೆಲ್ಲ ಸುತ್ತಿ, ಕೊನೆಗೆ ಅಡುಗೆಮನೆಯಲ್ಲಿ ಮಗಳ ಕಿವಿಯ ಹತ್ತಿರ ಬಾಯಿ ತಂದಳು.

"ಬರಲ್ಲ ಅಂದಿಲ್ಲ ಕಣೇ. ಬರ್ತಾರಂತೆ. ಆದ್ರೆ ಕೂರಲ್ವಂತೆ."

ಅಪ್ಪನ ಕೋಪ ಎಂದರೆ ಕೂಗಾಟವಲ್ಲ, ಹಾರಾಟವಲ್ಲ. ಯಾರ ಮೇಲೆ ಮುನಿಸೋ ಅವರ ಮನೆಗೆ ಹೋಗುತ್ತಾರೆ, ಕ್ಷೇಮ ಕೇಳುತ್ತಾರೆ, ಕಾಫಿಯನ್ನೂ ಕುಡಿಯುತ್ತಾರೆ, ಆದರೆ ನಿಂತೇ. ಮೊದಲ ಸಲ ಹೋದಾಗ ಎಲ್ಲಿ ಕೂರಲಿಲ್ಲವೋ ಅಲ್ಲಿ ಮುಂದೆಂದೂ ಕೂತವರಲ್ಲ. ಅವರ ಸ್ವಂತ ತಮ್ಮನ ಮನೆಯಲ್ಲಿ ಇವತ್ತಿಗೂ ಬಾಗಿಲಿಗೆ ಒರಗಿ ನಿಂತೇ ಮಾತಾಡಿ ಬರುತ್ತಾರೆ. ಚಿಕ್ಕಪ್ಪ ಅತ್ತೂಕರೆದೂ ನೋಡಿದರು, ಏನೂ ಗಿಟ್ಟಲಿಲ್ಲ. ನಾಳೆ ತನ್ನ ಮನೆಯಲ್ಲೂ ಅಪ್ಪ ಹೀಗೆ ಕಂಬದ ಹಾಗೆ ನಿಂತು ಹೋಗಿಬಿಟ್ಟರೆ? ಮನೆ ಕೊಂಡು ಏನು ಬಂತು, ರಿಪೇರಿ ಮಾಡಿಸಿ ಏನು ಬಂತು!

ಕೋಪಕ್ಕೆ ಕಾರಣ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಪ್ಪ ಬಡಗಿ. ಅರ್ಧ ಊರಿನ ಬಾಗಿಲು, ಕಿಟಕಿ, ಮಂಚ ಅವರ ಕೈಯಿಂದ ಬಂದವು. ಮಗಳ ಮನೆಗೆ ಮಾತ್ರ ಎಲ್ಲ ಅಂಗಡಿಯ ರೆಡಿಮೇಡು. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಕೇಳಲು ಅವಳಿಗೆ ಮನಸ್ಸು ಬರಲಿಲ್ಲ, ಏಕೆಂದರೆ ಈಚೆಗೆ ಅಪ್ಪನ ಕೈ ನಡುಗುತ್ತಿತ್ತು. ಒಂದು ಮಣೆ ಮಾಡಲು ಕೂತು ಗರಗಸ ಗೆರೆ ಬಿಟ್ಟು ಓಡಿದ್ದನ್ನು ಅವಳು ಬಾಗಿಲ ಮರೆಯಲ್ಲಿ ನಿಂತು ನೋಡಿದ್ದಳು, ನೋಡಿಯೂ ನೋಡದವಳಂತೆ ವಾಪಸ್ಸು ಬಂದಿದ್ದಳು.

"ಕೂರಲ್ಲ ಅಂತಾರಾ? ನೋಡೇ ಬಿಡೋಣ" ಎಂದ ಗಂಡ, ವಿಷಯ ಕೇಳಿದ ಕೂಡಲೇ. "ಮಾವನ್ನ ಕೂರಿಸೋಕೆ ಮೊದಲು ನಮ್ಮನೇಲಿ ಕೂರೋಕೇನಾದ್ರೂ ಇರ್ಬೇಕಲ್ವಾ?"

ಅವನು ಮಾತು ಮುಗಿಸಿ ಸುಮ್ಮನಿರುವ ಆಸಾಮಿಯಲ್ಲ. ಎರಡು ದಿನ ಬಿಟ್ಟು ಬೀದಿಯ ತಿರುವಿನಲ್ಲಿ ಒಂದು ಸಾಮಾನಿನ ಗಾಡಿ ಬಂತು. ಗಾಡಿಯ ಮೇಲೆ ರಾಶಿ ರಾಶಿ ಬಸ್ಸಿನ ಸೀಟುಗಳು, ಸೀಟುಗಳ ಮೇಲೆ ಮಹಾರಾಜನ ಹಾಗೆ ಗಂಡ! ಡಿಪೋದಲ್ಲಿ ಹಳೆಯ ಬಸ್ಸೊಂದನ್ನು ಗುಜರಿಗೆ ಹಾಕುವಾಗ ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ಬಿಡಿಗಾಸಿಗೆ ಎತ್ತಿಕೊಂಡು ಬಂದಿದ್ದ. ಹಸಿರು ರೆಕ್ಸಿನ್ನಿನ ಸೀಟುಗಳು. ಜೊತೆಗೆ ನಿಂತವರು ಹಿಡಿದುಕೊಳ್ಳುವ ಉದ್ದನೆಯ ಕಂಬಿ, ಬೆಲ್ಲು, ಬೆಲ್ಲಿನ ಹಗ್ಗ.

"ಸೋಫಾ ಕಣೇ!" ಎಂದು ಅವನು ಗಾಡಿಯ ಮೇಲಿಂದಲೇ ಕೂಗಿದ.

"ಇದು ಸೋಫಾ ಆದ್ರೆ ನಾನು ಮಹಾರಾಣಿ" ಎಂದು ಅವಳು ತಲೆ ಚಚ್ಚಿಕೊಂಡಳು. ಹಾಗಂದವಳು ಒಂದು ಸೀಟಿನ ಬೆನ್ನ ಮೇಲೆ ಯಾರೋ ಕೀಲಿಯಿಂದ ಗೀಚಿದ್ದ ಹೃದಯದ ಚಿತ್ರ ನೋಡಿ ಬೆಪ್ಪಾದಳು. ಅಯ್ಯೋ, ಇದು ತಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹತ್ತಿದ ಬಸ್ಸಲ್ಲವೇ? ಇದನ್ನು ಗೀಚುತ್ತಿದ್ದ ಹುಡುಗನ ಕಿವಿ ಹಿಂಡಿ ಇಳಿಸಿದವಳು ತಾನೇ ಅಲ್ಲವೇ? ಅಷ್ಟು ಸಾಕಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟು ಇಳಿಸಲು ಅವಳೇ ಮುಂದಾದಳು.

ಆದರೆ ಬಸ್ಸಿನ ಸೀಟಿಗೆ ತನ್ನ ಕಾಲ ಮೇಲೆ ತಾನು ನಿಲ್ಲುವ ಅಭ್ಯಾಸವೇ ಇಲ್ಲ. ಚೂಟಿ ಹಾರಿ ಕೂತಳು, ಸೀಟು ಹಿಂದಕ್ಕೆ ಮಗುಚಿತು, ಕಾಲೆರಡೂ ಮೇಲಾದವು. ನೆಲಕ್ಕೆ ಬೋಲ್ಟು ಹಾಕಿ ಬಿಗಿಯದೆ ಬೇರೆ ದಾರಿ ಇರಲಿಲ್ಲ. ಹೊಸ ನೆಲಕ್ಕೆ ಗಂಡ ಡ್ರಿಲ್ಲು ಇಟ್ಟಾಗ ಅವಳು ಕಣ್ಣು ಮುಚ್ಚಿಕೊಂಡಳು. ಮೊದಲನೆಯ ತೂತು ಬಿದ್ದ ಮೇಲೆ ಮಾತ್ರ ಅವಳದ್ದೇ ಕಾರುಬಾರು. ರಜೆಯ ದಿನವೆಲ್ಲ ದುಡಿದರು. ಅವನು ತೂತು ಕೊರೆದ, ಅವಳು ಬೋಲ್ಟು ಬಿಗಿದಳು, ಚೂಟಿ ವಾಷರು ಎಣಿಸಿ ಕೊಟ್ಟಳು. ಕಂಬಿಯನ್ನು ಸೂರಿನ ಕೆಳಗೆ ಉದ್ದಕ್ಕೂ ಕೂರಿಸಿದರು. ಹಳೆಯ ಖಾಕಿ ಯೂನಿಫಾರ್ಮುಗಳನ್ನು ಬಿಚ್ಚಿ ಅವಳು ಪರದೆ ಹೊಲಿದಳು. ಒಂದು ಪರದೆಯ ಮೇಲೆ ಜೇಬು ಹಾಗೇ ಉಳಿಯಿತು, ಅದರಲ್ಲಿ ಚೂಟಿ ಬಾಚಣಿಗೆ ಇಟ್ಟಳು.

ಎಲ್ಲ ಮುಗಿದ ಮೇಲೆ ಮೂವರೂ ಗತ್ತಿನಿಂದ ಹೋಗಿ ಕೂತರು.

"ಅಪ್ಪಾ, ನೀನೆಲ್ಲಿ?" ಎಂದಳು ಚೂಟಿ.

"ನಿನ್ನ ಮುಂದೆ."

"ಅಮ್ಮ?"

"ನಾನು ಹಿಂದೆ ಇದೀನಿ" ಎಂದವಳು ತಟ್ಟನೆ ಎದ್ದು ನಿಂತಳು. "ಏನ್ರೀ! ಎಲ್ಲಾ ಸೀಟೂ ಒಂದೇ ಕಡೆಗೆ ತಿರುಗಿಸಿಬಿಟ್ಟಿದೀವಲ್ರೀ!"

ನಿಜ. ಎಡಕ್ಕೆ ಜೋಡಿ ಸೀಟು, ಬಲಕ್ಕೆ ಜೋಡಿ ಸೀಟು, ನಡುವೆ ಓಡಾಡಲು ದಾರಿ, ಎಲ್ಲದರ ಮುಖವೂ ಬಾಗಿಲಿಗೆ. ಇದು ಮನೆ, ಇಲ್ಲಿ ಜನ ಎದುರುಬದುರು ಕೂತು ಮಾತಾಡುತ್ತಾರೆ ಎನ್ನುವುದು ಡ್ರೈವರಿಗೂ ಹೊಳೆದಿರಲಿಲ್ಲ, ಕಂಡಕ್ಟರಿಗೂ ಹೊಳೆದಿರಲಿಲ್ಲ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಅದಕ್ಕೂ ಅವನು ಕತ್ತು ಹೊರಳಿಸಬೇಕಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಬಿಚ್ಚಿ ತಿರುಗಿಸೋಣವೆಂದರೆ ನೆಲದ ತುಂಬ ಇನ್ನಷ್ಟು ತೂತಾಗುತ್ತದೆ. ಇರಲಿ ಬಿಡು ಎಂದುಕೊಂಡರು.

ಸುದ್ದಿ ಬೀದಿಗೆಲ್ಲ ಹಬ್ಬಿತು. ನೋಡಲು ಬಂದವರು ಕೂತರೆ ಬಸ್ಸಿನಲ್ಲಿ ಕೂತವರ ಹಾಗೆ ಗಪ್‌ಚುಪ್. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ದಿನಾ ಮಧ್ಯಾಹ್ನ ಪೇಪರು ಹಿಡಿದು ಬಂದು, ಕಿಟಕಿ ಪಕ್ಕದ ಸೀಟಿನಲ್ಲೇ ಕೂರಬೇಕು. ಕೂತ ಐದೇ ನಿಮಿಷಕ್ಕೆ ಗೊರಕೆ. ಎಚ್ಚರವಾದ ಕೂಡಲೇ ಗಡಬಡಿಸಿ ಎದ್ದು "ನನ್ನ ಸ್ಟಾಪ್ ಹೋಯ್ತಾ?" ಎನ್ನುವರು. ಚೂಟಿಗೆ ಅದೇ ಬೇಕು. "ಇನ್ನೂ ದೂರ ಇದೆ, ಮಲಗಿ ಮೇಷ್ಟ್ರೇ" ಎಂದು ಬೆಲ್ಲು ಹೊಡೆಯುವಳು.

ಇಂಥ ಮನೆಗೆ ಒಂದು ದಿನ ಮಧ್ಯಾಹ್ನ ಅಪ್ಪ ಬಂದರು, ಹಿಂದೆ ಅಮ್ಮ.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಸೀಟುಗಳ ಸಾಲು ನೋಡಿ ನಿಂತೇಬಿಟ್ಟರು. ಮೀಸೆಯ ಒಂದು ತುದಿ ಅಲುಗಿದ ಹಾಗಾಯಿತು, ಅಷ್ಟೇ. ನಗುವೋ ಏನೋ, ಅಷ್ಟರಲ್ಲೇ ನುಂಗಿಕೊಂಡರು.

"ಬಾಪ್ಪ, ಕೂತ್ಕೋ."

"ಇರಲಿ."

"ಮಾವ, ಮುಂದೆ ಬನ್ನಿ, ಡ್ರೈವರ್ ಪಕ್ಕದ ಸೀಟು ನಿಮಗೇ ಅಂತ ಇಟ್ಟಿದೀನಿ" ಎಂದ ಗಂಡ, ಹಲ್ಲೆಲ್ಲ ಬಿಟ್ಟು.

"ಇರಲಿ ಅಳಿಯಂದ್ರೇ, ನಿಂತೇ ಇರ್ತೀನಿ" ಎಂದು ಅಪ್ಪ ಕೈಯೆತ್ತಿ ಮೇಲಿದ್ದ ಕಂಬಿ ಹಿಡಿದುಕೊಂಡರು. ಹಿಡಿದುಕೊಂಡವರಿಗೆ ಬಹಳ ಹಿತವಾಯಿತೆಂದು ಕಾಣುತ್ತದೆ. ಒಂದು ಕಾಲು ಸಡಿಲ ಬಿಟ್ಟು, ಭುಜ ಇಳಿಬಿಟ್ಟು, ದಿನವಿಡೀ ಹೀಗೇ ನಿಲ್ಲಬಲ್ಲೆ ಎನ್ನುವ ಹಾಗೆ ನಿಂತರು.

ಅವಳು ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಆ ಕಂಬಿ ಹಾಕು ಅಂತ ನಿಮಗೆ ಹೇಳಿದ್ದು ಯಾರ್ರೀ? ನಿಲ್ಲೋರಿಗೆ ಇಷ್ಟು ಅನುಕೂಲ ಮಾಡಿಕೊಟ್ರೆ ಯಾವನು ಕೂರ್ತಾನೆ?"

"ನನಗೇನು ಗೊತ್ತು ಮಾರಾಯ್ತಿ! ಬಸ್ ಅಂದ್ಮೇಲೆ ಕಂಬಿ ಬೇಡ್ವಾ?" ಎಂದು ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಇವಳಿಗೆ ಅಳಬೇಕು ಅನ್ನಿಸಿದರೂ ಅವನ ಮುಖ ನೋಡಿ ನಗು ಉಕ್ಕಿತು, ನಗುತ್ತಲೇ ಅವನ ತೋಳಿಗೆ ಒಂದು ಗುದ್ದಿದಳು.

ಕಾಫಿ ಕೊಟ್ಟಳು. ಅಪ್ಪ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಲೋಟ ಹಿಡಿದು ಕುಡಿದರು. ಲೋಟ ಸಣ್ಣಗೆ ಅದುರುತ್ತಿತ್ತು. ಚೂಟಿ ಬೆಲ್ಲು ಹೊಡೆದು "ಬ್ರೇಕ್!" ಎಂದು ಕೂಗಿದಳು, ತಾತ ಮುಗ್ಗರಿಸಿ ಸೀಟಿಗೆ ಬೀಳಲಿ ಎಂದು. ತಾತ ಬೀಳಲಿಲ್ಲ, ಗೊರಕೆ ಹೊಡೆಯುತ್ತಿದ್ದ ಮೇಷ್ಟ್ರು ಮಾತ್ರ ಎದ್ದು ಬಾಗಿಲ ತನಕ ಓಡಿದರು. ಅಮ್ಮ ಸೀಟಿನಲ್ಲಿ ಕೂತು ನಕ್ಕೂ ನಕ್ಕೂ ಸುಸ್ತಾದಳು. ಎಲ್ಲರೂ ನಕ್ಕರು. ಅಪ್ಪ ಖಾಲಿ ಲೋಟ ಮಗಳ ಕೈಗಿಟ್ಟು, "ಸರಿ, ಹೊರಡ್ತೀನಿ" ಎಂದರು.

ಅಲ್ಲಿಗೆ ಅವಳ ತಾಳ್ಮೆಯ ಕಟ್ಟೆಯೊಡೆಯಿತು.

"ಹೊರಡ್ತೀಯಾ? ಹೊರಡು!" ದಿನಾ ಬಸ್ಸಿನ ಹಿಂದಿನ ಬಾಗಿಲಿಗೆ ಕೇಳಿಸುವ ದನಿ ಅದು, ಪುಟ್ಟ ಮನೆಯಲ್ಲಿ ಗೋಡೆಗೆ ಬಡಿದು ಬಂತು. "ಇಷ್ಟು ವರ್ಷದಿಂದ ಬಸ್ಸಲ್ಲಿ ಜನಾನ ಕೂರಿಸ್ತಾ ಇದೀನಿ. ಬಸುರಿಯರನ್ನ ಕೂರಿಸಿದೀನಿ, ಮುದುಕರನ್ನ ಕೂರಿಸಿದೀನಿ, ಕುಡಿದು ತೂರಾಡೋರನ್ನ ಕೂಡ ಕಾಲರ್ ಹಿಡಿದು ಕೂರಿಸಿದೀನಿ. ಹೆತ್ತ ಅಪ್ಪ ಒಬ್ಬನ್ನ ನನ್ನ ಮನೇಲಿ ಕೂರ್ಸೋಕೆ ನನ್ನ ಕೈಲಿ ಆಗ್ತಿಲ್ವಲ್ಲಪ್ಪ!"

ಅಪ್ಪ ಬಾಗಿಲ ಕಡೆ ನೋಡುತ್ತಲೇ ನಿಂತಿದ್ದರು. "ನನ್ನನ್ನ ಒಂದು ಮಾತು ಕೇಳಿದ್ಯಾ ನೀನು? ಬಾಗಿಲು ಅಂಗಡೀದು. ಕಿಟಕಿ ಅಂಗಡೀದು. ಕೂರೋಕೆ ಗುಜರಿ ಬಸ್ಸಾದ್ರೂ ಆಯ್ತು, ಅಪ್ಪ ಬೇಡ."

"ನಿನ್ನ ಕೈ ನಡುಗುತ್ತಲ್ಲಪ್ಪ!" ಎಂದು ಅವಳು ಅಂದೇಬಿಟ್ಟಳು. ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಬಾಯಿಗೆ ಬಂದದ್ದು ಬಂದಾಯಿತು, ಇನ್ನೇನು ಮುಚ್ಚುವುದು? ದನಿ ತಗ್ಗಿಸಿದಳು. "ನಾನು ನೋಡ್ದೆ, ಆ ಮಣೆ ಮಾಡ್ತಿದ್ದಾಗ. ಕೇಳಿದ್ರೆ ನೀನು ಆಗಲ್ಲ ಅನ್ನಬೇಕಾಗುತ್ತೆ, ನಿನಗೆ ಬೇಜಾರಾಗುತ್ತೆ ಅಂತ ಕೇಳಲಿಲ್ಲ. ಅಷ್ಟೇನಪ್ಪ."

ಅಮ್ಮ ಸೆರಗಿನ ತುದಿ ತಿರುಚುತ್ತ ಕೂತಳು. ಅಪ್ಪ ಕಂಬಿಯ ಮೇಲಿದ್ದ ತಮ್ಮ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಆಗಲ್ಲ ಅಂತಾನೇ ಅಂತಿದ್ದೆ" ಎಂದರು. "ಆದ್ರೆ ಅದನ್ನ ಹೇಳ್ಬೇಕಾದೋನು ನಾನು ತಾನೇ? ನನ್ನ ಪರವಾಗಿ ನೀನ್ಯಾಕೆ ಹೇಳ್ಕೊಂಡೆ?"

ಹೌದಲ್ಲ! ಇಷ್ಟು ದಿನ ಅಪ್ಪನ ಮನಸ್ಸು ನೋಯಬಾರದೆಂದು ಜೋಪಾನ ಮಾಡಿದೆ ಎಂದುಕೊಂಡಿದ್ದಳು. ಅಪ್ಪ ಆಡಬೇಕಿದ್ದ ಮಾತನ್ನು ಅವರ ಬಾಯಿಂದ ಕಿತ್ತುಕೊಂಡಿದ್ದಳು, ಪಾಪ. ಮೂಗು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಅವರ ಮುಂದೆ ಬಂದು ನೆಟ್ಟಗೆ ನಿಂತಳು.

"ಸರಿ. ಈಗ ಕೇಳ್ತೀನಿ. ಅಪ್ಪ, ನಮ್ಮನೆ ನಡುಮನೆಗೆ ಒಂದು ಬೆಂಚು ಬೇಕು. ನೀನೇ ಮಾಡಿಕೊಡ್ಬೇಕು. ಮಾಡಿಕೊಡ್ತೀಯಾ?"

ಅಪ್ಪ ಗಿರಾಕಿ ಬಂದಾಗ ನೋಡುವ ಹಾಗೆ ನಡುಮನೆಯ ಉದ್ದ ನೋಡಿದರು, ಅಗಲ ನೋಡಿದರು, ಗೋಡೆಗೆ ಎರಡು ಸಲ ಬೆರಳಿನಿಂದ ತಟ್ಟಿದರು.

"ಆಗಲ್ಲಮ್ಮ" ಎಂದರು. "ಮೊದಲಿನ ಹಾಗಲ್ಲ, ಕೈ ನಡುಗುತ್ತೆ. ಬೇರೆ ಯಾರನ್ನಾದ್ರೂ ನೋಡ್ಕೋ."

ಹಾಗೆಂದು ಕಂಬಿ ಬಿಟ್ಟು, ಅಮ್ಮನಿಗೆ "ಸ್ವಲ್ಪ ಜರುಗೇ" ಎಂದು ಹೇಳಿ, ಅವಳ ಪಕ್ಕ ಕೂತುಕೊಂಡರು.