ಇದ್ದಿಲಿನ ತೇವ

ಮರುಳಸಿದ್ದಯ್ಯ ಡೈರೆಕ್ಟರ ಕೈಯಿಂದ ಮೈಕು ಕಿತ್ತುಕೊಂಡ.

“ಆ ಮಾತ್ನ ಇನ್ನೊಂದ್ಸಲ ಹೇಳಿ ಸ್ವಾಮಿ. ನಮ್ಮಕ್ಕ ಲ್ಯಾಬಲ್ಲಿ ಏನ್ ಮಾಡ್ತಿದ್ಲು?”

ಬಿಳಿಗೆರೆಯ ತೋಟದಲ್ಲಿ ಸೇರಿದ್ದವರೆಲ್ಲ ಅವನತ್ತ ತಿರುಗಿದರು. ತೀರಿಕೊಂಡಿದ್ದ ಅಕ್ಕ ಗಿರಿಜಾಂಬಿಕಾಳಿಗೆ ವಿಭೂತಿ ಹಚ್ಚಿ, ಪತ್ರೆ ಮುಡಿಸಿ, ಕುರ್ಚಿಯಲ್ಲಿ ಕೂರಿಸಿದ್ದರು. ಮದುವೆಯ ಗೊಡವೆಗೆ ಹೋಗದೆ ಮೂವತ್ತೊಂದು ವರ್ಷ ಒಂದೇ ಪ್ರಯೋಗಾಲಯದಲ್ಲಿ ದುಡಿದು, ಕೊನೆಗೆ ತಮ್ಮನ ಮನೆಗೆ ಮರಳಿದ್ದ ಹೆಂಗಸು ಆಕೆ. ಅಲ್ಲಿನ ನಿವೃತ್ತ ಡೈರೆಕ್ಟರು ಕಾರಿನಲ್ಲಿ ಬಂದು, ಆಳೆತ್ತರದ ಹಾರ ಹಾಕಿ, ನಾಲ್ಕು ಮಾತಾಡಿದ್ದರು. ಇಷ್ಟು ವರ್ಷದಲ್ಲಿ ಒಂದು ಬೀಕರನ್ನೂ ಒಡೆಯದವಳು, ಹೇಳಿದಷ್ಟು ಮಾಡಿಕೊಂಡು ತೆಪ್ಪಗಿದ್ದವಳು ಎಂದು ಹೊಗಳಿದ್ದರು. ಜನ ಪಾಪ ಎಂದು ತಲೆದೂಗಿದ್ದರು. ಮರುಳಸಿದ್ದಯ್ಯನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಸತ್ತವಳ ಎದುರೇ ನಿಂತು ಹೀಗೆ ಹೇಳಬೇಕಾದರೆ ಎಂಥ ಗುಂಡಿಗೆ ಇರಬೇಕು!

“ಗಾಜಿನ ಸಾಮಾನೆಲ್ಲ ಶುಚಿಯಾಗಿ ನೋಡ್ಕೋತಿದ್ರು ಅಂದೆ,” ಎಂದರು ಡೈರೆಕ್ಟರು. “ತಪ್ಪೇನು?”

“ಥೋರಿಯಂ ಉಪ್ಪಿನ್ ವಿಚಾರ ಹೇಳಿ.”

“ಅದೆಲ್ಲ ಇಲ್ಲಿ ಯಾಕೆ, ಯಜಮಾನ್ರೆ?”

“ಇಲ್ದಿದ್ರೆ ಇನ್ನೆಲ್ಲಿ? ಅರ್ಧ ಗಂಟೇಲಿ ಅವ್ಳನ್ನ ಮಣ್ ಮಾಡ್ತೀವಿ ಕಣ್ರೀ!”

ದಾಯಾದಿ ಶಂಭುಲಿಂಗಯ್ಯ ಅವನ ರಟ್ಟೆ ಹಿಡಿದ. “ಲೇ ಮರುಳ, ಬುಡ್ಲಾ. ಬಂದೋರ್ ಮುಂದೆ ಹಿಂಗಾಡ್ತಾರೇನ್ಲಾ?”

* * *

ಇಪ್ಪತ್ತೆಂಟು ವರ್ಷದ ಹಿಂದೆ ರಜೆಗೆ ಬಂದಿದ್ದ ಅಕ್ಕ ಅಟ್ಟದ ಮೇಲೆ ಕೂತು ತೆಂಗಿನಕಾಯಿ ಅಲ್ಲಾಡಿಸಿ ನೋಡುತ್ತಿದ್ದಳು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದಾಗ ಒಳಗಿನ ಗಿಟುಕು ಲೊಡಲೊಡ ಎಂದರೆ ಕೊಬ್ಬರಿ ಆಗಿದೆ ಎಂದರ್ಥ. ಸಿಪ್ಪೆ ಒಣಗಿದೆಯೆಂದು ಅವಸರಪಟ್ಟು ಒಡೆದವನಿಗೆ ಹಸಿ ಕಾಯಿಯೇ ಗತಿ.

“ನಮ್ ಸಾರ್‌ಗಳು ಎರಡ್ ವರ್ಷದಿಂದ ಒಂದು ಉಪ್ಪು ಮಾಡಕ್ಕೆ ಒದ್ದಾಡ್ತಾವ್ರೆ ಕಣ್ಲಾ,” ಎಂದಳು.

ಥೋರಿಯಂ ವಿಕಿರಣ ಸೂಸುವ ಲೋಹ. ಅದರ ಆಕ್ಸೈಡಿಗೆ ಇದ್ದಿಲು ಪುಡಿ ಬೆರೆಸಿ, ಕೆಂಪಗೆ ಕಾಯಿಸಿ, ಕ್ಲೋರಿನ್ ಅನಿಲ ಹಾಯಿಸಿದರೆ ಥೋರಿಯಂ ಕ್ಲೋರೈಡೆಂಬ ಉಪ್ಪು ಆವಿಯಾಗಿ ಎದ್ದು, ಕೊಳವೆಯ ತಣ್ಣನೆಯ ತುದಿಯಲ್ಲಿ ಬೆಳ್ಳಗೆ ಕೂರುತ್ತದೆ. ಆದರೆ ಆ ಉಪ್ಪಿಗೆ ನೀರೆಂದರೆ ಹುಚ್ಚು. ಒಂದಿಷ್ಟು ತೇವ ಸಿಕ್ಕರೂ ಹೀರಿಬಿಡುತ್ತದೆ. ಆಮೇಲೆ ಕಾಯಿಸಿ ಒಣಗಿಸುತ್ತೇನೆಂದರೆ ನೀರೊಂದೇ ಹೋಗುವುದಿಲ್ಲ, ಕ್ಲೋರಿನನ್ನೂ ಆಮ್ಲವಾಗಿ ಎಳೆದುಕೊಂಡು ಹೋಗುತ್ತದೆ. ಉಳಿಯುವುದು ಕೆಲಸಕ್ಕೆ ಬಾರದ ಪುಡಿ.

“ಅನಿಲ ಒಣಗ್ಸಿದ್ರು, ಕೊಳವೆ ಬದ್ಲಾಯಿಸಿದ್ರು. ಇದ್ದಿಲು ಮಾತ್ರ ಮುಟ್ಟಿದ್ರೆ ಒಣಗೈತೆ ಅಂತ ಸುಮ್ನಾಗವ್ರೆ. ನಮ್ ಕಾಯಿ ಇದ್ದಂಗೇ, ಒಳಗೆ ನೀರೈತೆ. ಹೇಳ್ದೆ.”

“ಏನಂದ್ರು?”

“ನಕ್ರು.”

ವಾಪಸು ಹೋದವಳು ಇದ್ದಿಲನ್ನು ಗಾಳಿ ತೆಗೆದ ಕುಲುಮೆಯಲ್ಲಿ ಇಡೀ ದಿನ ಕಾಯಿಸಿ, ಹೊರಗಿನ ಗಾಳಿ ಸೋಕದಂತೆ ತುಂಬಿಕೊಟ್ಟಳು. ಉಪ್ಪು ಅಚ್ಚ ಬಿಳುಪಾಗಿ ಬಂತು. ಡೈರೆಕ್ಟರ ಪ್ರಬಂಧದಲ್ಲಿ ಆರು ಹೆಸರಿದ್ದವು, ಅವಳದಿರಲಿಲ್ಲ. ಕೇಳಿದ್ದಕ್ಕೆ ಹೆಲ್ಪರುಗಳ ಹೆಸರು ಹಾಕುವ ಪದ್ಧತಿಯಿಲ್ಲ ಎಂದರಂತೆ. ತಿಪಟೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದ ಹೆಲ್ಪರು!

“ಸನ್ಮಾನ ಯಾವನಿಗ್ ಬೇಕು,” ಎಂದಿದ್ದಳು ಅಕ್ಕ. “ಇದ್ದಿಲಿನ್ ಮಾತು ಇವ್ಳು ಹೇಳಿದ್ದು ಅಂತ ಅವ್ರ್ ಬಾಯಲ್ಲಿ ಒಂದ್ಸಲ ಬಂದಿದ್ರೆ ಸಾಕಾಗಿತ್ತು.”

* * *

ಅಯ್ಯನವರು ಮಂತ್ರ ಮುಗಿಸಿದರು. ಗಿರಿಜಾಂಬಿಕಾಳನ್ನು ಗುಂಡಿಗಿಳಿಸಿ ಕೂರಿಸಿ, ಸುತ್ತ ವಿಭೂತಿ, ಪತ್ರೆ ತುಂಬಿದರು. ಬಂದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಡೈರೆಕ್ಟರೂ ಚಪ್ಪಲಿ ಬಿಟ್ಟು ಬಂದು ಮುಷ್ಟಿ ತುಂಬ ಮಣ್ಣು ತೆಗೆದುಕೊಂಡರು.

ಮರುಳಸಿದ್ದಯ್ಯ ಅವರ ಮಣಿಕಟ್ಟು ಹಿಡಿದ. “ಇದ್ದಿಲಿನ್ ಮಾತು ಯಾರ್ ಹೇಳಿದ್ದು? ಹೆಸ್ರು ಹೇಳಿ, ಆಮೇಲ್ ಹಾಕಿ.”

“ಕೈ ಬಿಡಿ. ಇದು ಸರಿಯಲ್ಲ.”

“ಬುಡ್ತೀನಿ. ಹೇಳಿ.”

ಬಿಡಿಸಲು ಬಂದ ಶಂಭುಲಿಂಗಯ್ಯ ಡೈರೆಕ್ಟರ ಮುಖ ನೋಡಿ ಅಲ್ಲೇ ನಿಂತ. “ಹೇಳ್ಬುಡಿ ಸ್ವಾಮಿ,” ಎಂದ ಅವನೂ. “ಒಂದ್ ಹೆಸ್ರು ತಾನೇ?”

ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಡೈರೆಕ್ಟರು ದೃಷ್ಟಿ ತಪ್ಪಿಸಿ ತಮ್ಮ ಕಾರಿನತ್ತ ನೋಡಿದರು. ಮಣ್ಣು ಬೆರಳ ಸಂದಿಯಿಂದ ಜಾರಿ ಅವರ ಬರಿಗಾಲಿನ ಮೇಲೆ ಬೀಳುತ್ತಲೇ ಇತ್ತು.

ಮರುಳಸಿದ್ದಯ್ಯ ಕೈ ಬಿಟ್ಟ. ಡೈರೆಕ್ಟರು ಗುಂಡಿಯ ಮೇಲೆ ಕೈ ಚಾಚಿ ಮುಷ್ಟಿ ಬಿಚ್ಚಿದರು. ಅದರಲ್ಲಿ ಏನೂ ಉಳಿದಿರಲಿಲ್ಲ.