ಗಣಪಯ್ಯನವರ ರಕ್ತ ನಿಂತ ಜಾಗ

ಭದ್ರಾವತಿಯ ಆ ಬೀದಿಯಲ್ಲಿ ಬೆಳಗಾಗುವ ಮೊದಲೇ ಸುದ್ದಿ ಎದ್ದು ಕೂತಿತ್ತು. ಅಮೂಲ್ಯಳ ಎದುರುಮನೆಯ ಗಣಪಯ್ಯ, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯವರು, ಹಾಲಿನ ಬೂತಿನ ಮುಂದೆ ನಿಂತು ಸಾರುತ್ತಿದ್ದರು: "ನಂದು ಸಾದಾ ರಕ್ತ ಅಲ್ಲ ಕಣ್ರೀ, ಗಟ್ಟಿ ರಕ್ತ! ನಮ್ಮ ಅಮೂಲ್ಯ ಕಂಡುಹಿಡಿದಿದಾಳೆ. ಪೇಪರಲ್ಲಿ ಬರುತ್ತೆ."

ಪೇಪರ್ ಅಂದರೆ ಸಮ್ಮೇಳನಕ್ಕೆ ಕಳಿಸುವ ಒಂದು ಪುಟದ ಸಾರಾಂಶ. ಹನ್ನೊಂದು ಗಂಟೆಗೆ ಸಂಶೋಧನೆಯ ಗೈಡ್ ಭವಾನಿ ಮೇಡಂ ಅದನ್ನು ಕಳಿಸುವವರಿದ್ದರು. ಶಿವಮೊಗ್ಗದ ವಿದ್ಯಾನಗರದ ಲ್ಯಾಬಿನಲ್ಲಿ ಎರಡು ವರ್ಷ ಒದ್ದಾಡಿದ ಅಮೂಲ್ಯಳ ಕೈಗೆ ಸಿಕ್ಕ ಮೊದಲ ಫಲ ಅದು.

ಅವಳು ಮಾಡುವ ಚಿಪ್ ಎಂದರೆ ಗಾಜಿಗೆ ಅಂಟಿಸಿದ, ಎರಡು ಬೆರಳಗಲದ ಪಾರದರ್ಶಕ ರಬ್ಬರು. ಅದರೊಳಗೆ ಕೂದಲಿಗಿಂತ ಸಪೂರದ ಕಾಲುವೆ. ನಡುವೆ ಇನ್ನೂ ಕಿರಿದಾದೊಂದು ಕುತ್ತಿಗೆ. ಆರೋಗ್ಯವಂತರ ರಕ್ತದ ಕೆಂಪು ಕಣ ಅಲ್ಲಿಗೆ ಬಂದಾಗ, ತುಂಬಿದ ಬಸ್ಸಿನಿಂದ ಇಳಿಯುವವರ ಹಾಗೆ ಮೈ ಹಿಂಡಿಕೊಂಡು ನುಸುಳಿಬಿಡುತ್ತದೆ. ಗಣಪಯ್ಯನವರ ರಕ್ತ ಮೂರು ಚಿಪ್‌ನಲ್ಲೂ ಆ ಕುತ್ತಿಗೆಯಲ್ಲೇ ನಿಂತುಬಿಟ್ಟಿತ್ತು. ಸಕ್ಕರೆ ಕಾಯಿಲೆಯಿಂದ ಕಣ ಗಟ್ಟಿಯಾಗಿದೆ ಎಂಬುದೇ ಸಾರಾಂಶದ ತಿರುಳು.

"ಅಮ್ಮೂ, ನಿಲ್ಲು. ಬರಿ ಹಣೇಲಿ ಹೊರಟ್ಯಲ್ಲ!" ಅಜ್ಜಿ ಬಸವರಾಜೇಶ್ವರಿ ಹೊಸ್ತಿಲಲ್ಲಿ ತಡೆದು, ಮೂರು ಬೆರಳಲ್ಲಿ ದಪ್ಪಗೆ ವಿಭೂತಿ ಎಳೆದರು.

"ಬಸ್ ಹೋಗುತ್ತೆ ಅಜ್ಜಿ."

"ಹೋದ್ರೆ ಇನ್ನೊಂದು ಬರುತ್ತೆ. ಅಳಿಸ್ಕೊಂಡು ಬರ್ಬೇಡ ಮತ್ತೆ."

ಬಸ್ಸು ಜನರಿಗಾಗಿ ಅಲ್ಲಲ್ಲಿ ನಿಂತು ಕೂಗುತ್ತ ಸಾಗುತ್ತಿತ್ತು. ಅಮೂಲ್ಯ ತಲೆ ತಗ್ಗಿಸಿ ಮೊಬೈಲಿನಲ್ಲಿ ಸಾರಾಂಶ ಓದುತ್ತಿದ್ದಳು. ಪರದೆ ಆರಿ ಕಪ್ಪಾಯಿತು. ಕಪ್ಪಿನ ಮೇಲೆ ಬಿಳಿ ಧೂಳು. ಒರೆಸಿದಳು. ಬಸ್ಸು ಗುಂಡಿಗೆ ಇಳಿದು ಕುಲುಕಿತು. ಮತ್ತೆ ನಾಲ್ಕು ಬಿಳಿ ಚುಕ್ಕೆ.

ಹಣೆ ಮುಟ್ಟಿಕೊಂಡಳು. ಬೆರಳಿಗೆ ವಿಭೂತಿ ಹತ್ತಿತು.

ಗಾಜಿಗೆ ಅಂಟಿಸುವ ಮೊದಲು, ಕಾಲುವೆ ಇನ್ನೂ ತೆರೆದಿರುವಾಗ, ಅವಳು ಪ್ರತಿ ಚಿಪ್‌ನ ಮೇಲೂ ಹೀಗೆಯೇ ಬಗ್ಗಿ ನೋಡುತ್ತಿದ್ದಳು. ಲ್ಯಾಬಿನ ಟೋಪಿಯನ್ನು ಹುಬ್ಬಿನವರೆಗೆ ಎಳೆಯಬೇಕೆಂಬುದು ನಿಯಮ. ಎಳೆದರೆ ವಿಭೂತಿ ಅಳಿಸುತ್ತದೆ, ಸಂಜೆ ಅಜ್ಜಿ ಹಣೆ ನೋಡುತ್ತಾರೆ ಎಂದು ಟೋಪಿಯನ್ನು ನೆತ್ತಿಯ ಮೇಲೇ ಇಟ್ಟುಕೊಳ್ಳುತ್ತಿದ್ದಳು. ಆರೋಗ್ಯವಂತರ ರಕ್ತ ಹರಿಸಿದ ಚಿಪ್‌ಗಳನ್ನೆಲ್ಲ ಮಾಡಿದ್ದು ಜೊತೆಯ ಯೋಗರಾಜ್. ಗಣಪಯ್ಯನವರ ಮೂರನ್ನೂ ಮಾಡಿದ್ದು ಅವಳು.

ಫೋನ್ ಬಂತು. ಭವಾನಿ ಮೇಡಂ. "ಹನ್ನೊಂದಕ್ಕೆ ಕಳಿಸ್ಬಿಡ್ತೀನಿ ಅಮೂಲ್ಯ. ಏನಾದ್ರೂ ತಿದ್ದೋದಿದ್ಯಾ?"

"ಇಲ್ಲ ಮೇಡಂ."

ಹೇಳಿಬಿಟ್ಟ ಮೇಲೆ ಸೀಟು ಮುಳ್ಳಾಯಿತು. ಎದ್ದು ಬಾಗಿಲ ಬಳಿ ನಿಂತಳು. "ಇನ್ನೂ ಶಿವಮೊಗ್ಗ ಬಂದಿಲ್ಲಮ್ಮ, ಕೂತ್ಕೊಳಿ," ಎಂದ ಕಂಡಕ್ಟರ್. ಕೂರಲಿಲ್ಲ.

ಲ್ಯಾಬು ಮುಟ್ಟಿದಾಗ ಹತ್ತೂ ನಲವತ್ತು. ಹಣೆಯಿಂದ ಚಿಟಿಕೆ ವಿಭೂತಿ ಕೆರೆದು ಗಾಜಿನ ಮೇಲಿಟ್ಟು, ನೀರು ಬೆರೆಸಿದ ಆಸಿಡ್ಡಿನ ಒಂದು ಹನಿ ಬಿಟ್ಟಳು. ಪುಡಿ ಬುಸುಗುಟ್ಟಿ ನೊರೆಯಾಯಿತು.

"ಏನ್ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಹಣೆ ಪರೀಕ್ಷೆ?" ಯೋಗರಾಜ್ ನಕ್ಕ.

ಅವಳು ಗಣಪಯ್ಯನವರ ಒಂದು ಚಿಪ್ ಅನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದೇ ಆಸಿಡ್ಡನ್ನು ಒಳಗೆ ತಳ್ಳಿದಳು. ರಕ್ತದ ಕಣ ಮಾತ್ರ ಸಿಕ್ಕಿಕೊಂಡಿದ್ದರೆ ನೊರೆ ಏಳಬಾರದು. ಏಳದಿರಲಿ, ಏಳದಿರಲಿ ಎಂದುಕೊಳ್ಳುತ್ತಲೇ ಕಣ್ಣಿಟ್ಟಳು. ಕುತ್ತಿಗೆಯಲ್ಲಿ ಒಂದು ಗುಳ್ಳೆ ಹುಟ್ಟಿತು. ಅದರ ಬೆನ್ನಿಗೆ ಇನ್ನೊಂದು. ಎರಡನೆಯ ಚಿಪ್‌ನಲ್ಲೂ ಗುಳ್ಳೆ. ಮೂರನೆಯದರಲ್ಲೂ.

ಯೋಗರಾಜನ ನಗು ನಿಂತಿತು. ಗೋಡೆ ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷ. ಅಮೂಲ್ಯ ಓಡಿದಳು.

"ಕಳಿಸ್ಬೇಡಿ ಮೇಡಂ. ಗಣಪಯ್ಯನವರ ರಕ್ತ ನಿಂತಿದ್ದಲ್ಲ. ಕಾಲುವೆಗೆ ಅಡ್ಡ ಕೂತಿದ್ದು ನನ್ನ ಹಣೆ ವಿಭೂತಿ."

ಮೇಡಂ ಅವಳ ಹಣೆಯನ್ನು ನೋಡಿದರು. ಒಂದು ಕಡೆ ಕೆರೆದು ಹೋಗಿತ್ತು. "ಮೂರರಲ್ಲೂನಾ?"

"ಮೂರರಲ್ಲೂ."

"ಇದು ಯಾವಾಗ ಹೊಳೀತು?"

"ಬಸ್ಸಲ್ಲೇ. ನೀವು ಫೋನ್ ಮಾಡೋಕೆ ಮುಂಚೆ. ಹೇಳೋಕೆ ಮನಸ್ಸು ಬರ್ಲಿಲ್ಲ."

ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಯೋಗರಾಜನ ಚಿಪ್‌ನಲ್ಲಿ ಅವರ ರಕ್ತ ಬಿಟ್ಟು ನೋಡು. ಒಂದಲ್ಲ, ಇಪ್ಪತ್ತು ಚಿಪ್. ಮುಂದಿನ ವರ್ಷ ಕಳಿಸೋಣ."

ಅಂದು ಯೋಗರಾಜನ ಒಂದು ಚಿಪ್‌ನಲ್ಲಿ ಹರಿಸಿ ನೋಡಿದ್ದಾಯಿತು. ಗಣಪಯ್ಯನವರ ಕಣಗಳು ಕುತ್ತಿಗೆಯಲ್ಲಿ ಕೊಂಚ ತಡೆದು ಮುಂದೆ ಸಾಗಿದವು. ತಡೆದದ್ದು ನಿಜವೋ, ತಡೆಯಲಿ ಎಂಬ ತನ್ನ ಆಸೆಯೋ, ಅವಳಿಗೆ ತಿಳಿಯಲಿಲ್ಲ.

ಸಂಜೆ ಗಣಪಯ್ಯ ಗೇಟಿನಲ್ಲೇ ಹಿಡಿದರು. ವಿಷಯ ಕೇಳಿ ಮುಖ ಇಳಿಯಿತು. "ಹಂಗಾದ್ರೆ ನಂದು ಸಾದಾ ರಕ್ತನೇನಮ್ಮ?"

"ಇನ್ನೂ ಗೊತ್ತಿಲ್ಲ ಅಂಕಲ್. ಮತ್ತೆ ರಕ್ತ ಬೇಕಾಗುತ್ತೆ."

"ತಗೋ ಮಾರಾಯ್ತಿ. ಬೀದಿಗೆಲ್ಲ ಹೇಳ್ಬಿಟ್ಟಿದೀನಿ, ಗಟ್ಟಿ ಮಾಡಿ ಕೊಡು."

ಬೆಳಿಗ್ಗೆ ಅಜ್ಜಿ ಹೊಸ್ತಿಲಿಗೆ ಬಂದಾಗ ಅಮೂಲ್ಯ ಎಲ್ಲ ಹೇಳಿದಳು, ಟೋಪಿಯ ಕಥೆಯನ್ನೂ. ಅಜ್ಜಿ ತಮ್ಮ ಬೆರಳಿನ ತುದಿಯನ್ನು ನೋಡಿಕೊಂಡರು.

"ಅಲ್ಲ ಕಣೇ, ಅಳಿಸಿದ್ರೆ ಸಂಜೆ ಮತ್ತೆ ಹಚ್ತಿರ್ಲಿಲ್ವಾ ನಾನು? ಕೇಳೋಕೇನಾಗಿತ್ತು?"

ತೆಳ್ಳಗೆ ಮೂರು ಗೆರೆ ಎಳೆದು, ಉದುರಿದ್ದನ್ನು ಸೆರಗಿನಿಂದ ಒರೆಸಿ, "ಎಲ್ಲಿ ಆ ಟೋಪಿ, ಹಾಕ್ಕೊಂಡು ತೋರ್ಸು," ಎಂದರು. ಅಮೂಲ್ಯ ಚೀಲದಿಂದ ತೆಗೆದು, ಹುಬ್ಬಿನವರೆಗೂ ಎಳೆದು ತೋರಿಸಿದಳು. ಬೀದಿ ತುದಿಯಲ್ಲಿ ಬಸ್ಸಿನ ಹಾರನ್. ಟೋಪಿಯಲ್ಲೇ ಓಡಿದಳು.