ಹೊಳೆಗೆ ಎಸೆಯಬೇಕಿದ್ದ ದುಪಟ್ಟಾ

ಹೊಳೆಯ ಮರಳು ತೆಗೆದವರು ಲಾರಿಗೆ ತುಂಬಿಕೊಂಡು ಹೋದರು. ಗುಂಡಿಗಳು ಊರಿಗೆ ಉಳಿದವು. ಗುಬ್ಬಿ ತಾಲ್ಲೂಕಿನ ಆ ಊರಲ್ಲಿ ಶಿಂಷಾ ಹೊಳೆಯ ದಂಡೆಯಲ್ಲಿ ಪಾಳೇಗಾರರ ಕಾಲದ ಕಲ್ಲುಮಂಟಪವೊಂದಿದೆ. ಅದರ ಮೆಟ್ಟಿಲ ಕೆಳಗೇ ಅಂಥದೊಂದು ಗುಂಡಿ. ಹೊಳೆ ತುಂಬಿದರೆ ಮೊಣಕಾಲುದ್ದ ನೀರು ಎಲ್ಲಿ, ಆಳುದ್ದ ನೀರು ಎಲ್ಲಿ, ತಿಳಿಯುವುದಿಲ್ಲ.

ಟೈಲರಿಂಗ್ ಮಾಡುವ ಕುಲ್ಸುಂ ಬೀಯ ಮಗಳು ಅರ್ಜೂ ಹೋದ ವರ್ಷ ಅಲ್ಲೇ ಮುಳುಗಿ ತೀರಿಕೊಂಡಳು. ಮಂಟಪದ ಚಿತ್ರ ಬರೆಯಲು ಗೆಳತಿ ಅಕ್ಷತಾ ಜೊತೆ ಹೋಗಿದ್ದಳು. ಬ್ರಷ್ ತೊಳೆಯಲು ಇಳಿದ ಅಕ್ಷತಾ ಕಾಲು ಜಾರಿ ಗುಂಡಿಗೆ ಬಿದ್ದಳು. ಈಜು ಬಾರದ ಅರ್ಜೂ ಹಿಂದೆಯೇ ಹಾರಿದಳು. ಎಮ್ಮೆ ಮೇಯಿಸುತ್ತಿದ್ದ ತಿಪ್ಪಯ್ಯ ಓಡಿ ಬಂದು ಹಗ್ಗ ಎಸೆದ. ಅಕ್ಷತಾ ಹಿಡಿದುಕೊಂಡಳು. ಅರ್ಜೂ ಸಿಕ್ಕಿದ್ದು ಸಂಜೆಗೆ.

ಅಂದಿನಿಂದ ಅಕ್ಷತಾ ಬೀದಿಗೆ ಬಂದರೆ ಕುಲ್ಸುಂ ಬೀ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಕಲ್ಲಮ್ಮ ಅಕ್ಷತಾಳನ್ನು ಕರೆದುಕೊಂಡೇ ಬಂದಳು.

“ಕುಲ್ಸುಮಕ್ಕ, ಸಂಘದ ಹೆಂಗಸ್ರೆಲ್ಲ ಸೇರಿ ಬಟ್ಟೆ ತುಂಡು ಜೋಡಿಸಿ ದೊಡ್ಡ ಚಿತ್ರ ಮಾಡ್ತಿದೀವಿ. ಮಂಟಪ, ಹೊಳೆ, ಆ ಗುಂಡಿ. ಗುಬ್ಬಿ, ಕುಣಿಗಲ್ ಕಡೆ ಸ್ಕೂಲಿಗೆಲ್ಲ ತಗೊಂಡು ಹೋಗ್ತೀವಿ. ನಿಮ್ಮ ಹೊಲಿಗೆ ಬೇಕು.”

ಕುಲ್ಸುಂ ಬೀಯ ಗಂಡ ಅಬ್ದುಲ್ ರಶೀದ್ ರೇಗಿದ. “ಹೋದ ಮಗೂನ ಬಟ್ಟೇಲಿ ಹೊಲ್ದು ಊರೂರಿಗೆ ತೋರಿಸ್ತೀರಾ? ಜನ ಫೋಟೋ ಹೊಡ್ಕಂಡು ಹೋಗ್ತಾರೆ, ಅಷ್ಟೇ. ನಮ್ಮಲ್ಲಿ ಮುಖ ಬರೆಯೋ ಹಾಗೂ ಇಲ್ಲ.”

“ಮುಖ ಇರಲ್ಲ ಸಾಬ್ರೇ,” ಎಂದಳು ಕಲ್ಲಮ್ಮ. “ಮುಳುಗ್ತಿರೋರ್ನ ದಡದಲ್ಲೇ ಇದ್ದು ಎಳೆಯೋದು ಹೆಂಗೆ ಅಂತ ತೋರಿಸ್ತೀವಿ. ನೀರಿಗೆ ಹಾರ್ಬಾರ್ದು. ಜನ ಸೇರೋ ಹಾಗೆ ಕೂಗ್ಬೇಕು. ದಡದಲ್ಲಿ ಬೋರಲು ಮಲಗಿ ಹಗ್ಗನೋ, ಕೋಲೋ, ಸೀರೆನೋ ಚಾಚ್ಬೇಕು. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದ್ರೂ ಹಿಡ್ಕೊಂಡು ತೇಲ್ತಾರೆ. ಈಜು ಬಾರದೋರು ಹಾರಿದ್ರೆ ಇನ್ನೊಂದು ಜೀವಾನೂ ಹೋಗತ್ತೆ.”

ಕುಲ್ಸುಂ ಬೀ ಮೊದಲ ಸಲ ಅಕ್ಷತಾಳ ಕಡೆ ತಿರುಗಿದಳು.

“ಅವಳ ಮೈಮೇಲೆ ದುಪಟ್ಟಾ ಇತ್ತಲ್ಲ. ದಡದಿಂದ ಎಸೆದಿದ್ರೆ ನಿನ್ನ ಕೈಗೆ ಎಟುಕ್ತಿತ್ತಾ?”

ಅಕ್ಷತಾ ಹೇಳಿದಳು: “ಎಟುಕ್ತಿತ್ತು ಆಂಟಿ. ಎಸಿಬೇಕು ಅಂತ ಅವಳಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ.”

ಕುಲ್ಸುಂ ಬೀ ಗೋಡೆಗೆ ಒರಗಿ ಕೂತಳು. ಎಷ್ಟೋ ಹೊತ್ತು ಅತ್ತಳು. ಅಕ್ಷತಾ ಮೆಲ್ಲಗೆ ಪಕ್ಕದಲ್ಲಿ ಕೂತಳು. ಕೊನೆಗೆ ರಶೀದನೇ ಹೇಳಿದ: “ಮಾಡು ಕುಲ್ಸುಂ. ಮುಖ ಬೇಡ. ಕೈ ಇರ್ಲಿ.”

“ಅವಳ ಬಟ್ಟೆ ಮಾತ್ರ ಕೇಳ್ಬೇಡಿ,” ಎಂದಳು ಕುಲ್ಸುಂ ಬೀ. “ಅದು ಕೊಡಲ್ಲ. ಹೊಸಾದು ತನ್ನಿ.”

ಮಂಟಪಕ್ಕೆ ಬೂದುಬಣ್ಣದ ಬಟ್ಟೆ, ಗುಂಡಿಗೆ ಕಪ್ಪು. ದಡದಲ್ಲಿ ಮಲಗಿದ ಹುಡುಗಿಯ ಕೈಯಿಂದ ನೀರಿನವರೆಗೆ ಒಂದು ಹಸಿರು ದುಪಟ್ಟಾ. ಅದನ್ನು ಕುಲ್ಸುಂ ಬೀ ಒಬ್ಬಳೇ ಹೊಲಿದಳು.

ಕುಣಿಗಲ್ಲಿನ ಶಾಲೆಯೊಂದರಲ್ಲಿ ಚಿತ್ರ ಬಿಚ್ಚಿ ಹರಡಿದರು. ಮಕ್ಕಳು ನೆಲದ ಮೇಲೆ ಮಲಗಿ, ದುಪಟ್ಟಾ ಎಸೆದು ಗೆಳೆಯರನ್ನು ಎಳೆಯುವುದನ್ನು ಕಲಿತರು. ಆಟವೆಂದುಕೊಂಡು ನಗುತ್ತಾ ಕಲಿತರು. ಕುಲ್ಸುಂ ಬೀ ಒಬ್ಬೊಬ್ಬರ ಕೈ ಹಿಡಿದು ತಿದ್ದಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಷತಾಳ ಹೆಗಲಿಗೆ ತಲೆಯಿಟ್ಟು, “ಇಷ್ಟೇ ಕಣೇ. ಇಷ್ಟು ನಮ್ಮ ಅರ್ಜೂಗೆ ಯಾರೂ ಹೇಳ್ಕೊಡ್ಲಿಲ್ಲ,” ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಕೆರೆ, ಹೊಳೆ, ಗುಂಡಿ ಇದೆಯಲ್ಲ? ಇವತ್ತೇ ಮಕ್ಕಳನ್ನು ಅಂಗಳಕ್ಕೆ ಕರೆಯಿರಿ. ಹಾರಬೇಡ, ಕೂಗು, ದಡದಲ್ಲಿ ಮಲಗು, ಒಂದು ತುದಿ ಬಿಗಿ ಹಿಡಿದು ಇನ್ನೊಂದು ಎಸೆ ಎಂದು ಕೈಯಾರೆ ಮಾಡಿಸಿ. 112ಕ್ಕೆ ಫೋನ್ ಮಾಡುವುದನ್ನೂ ಕಲಿಸಿ. ಒಂದು ಸಲ ಹೇಳಿದರೆ ಸಾಲದು, ಪ್ರತಿ ಮಳೆಗಾಲಕ್ಕೆ ಮುಂಚೆ ಮತ್ತೆ ಮಾಡಿಸಿ.